‘ಗುಳಿಗೆ ನೇಯ್ಗೆ’ ಅಂದರೆ ನಗುತ್ತಾರೆ: ಈ ರಟ್ಟಿಗೆ ಏನನ್ನೋಣ?

ತೂತು ಕೊರೆದ ರಟ್ಟುಗಳನ್ನು ತಿರುಗಿಸುತ್ತ ಕಿರಿದಾದ ಪಟ್ಟಿ ನೇಯುವ ಟ್ಯಾಬ್ಲೆಟ್ ವೀವಿಂಗ್ ಅನ್ನುವುದಕ್ಕೆ ಫೋನು ಅನುವಾದಿಸಿ ಕೊಟ್ಟ ಕನ್ನಡ ‘ಗುಳಿಗೆ ನೇಯ್ಗೆ’. ನಮ್ಮ ಬೆಟಗೇರಿಯ ಮಗ್ಗದ ಓಣಿಯಲ್ಲಿ ಹೀಗಂದರೆ, ಜ್ವರ ಏನಾದರೂ ಬಂದಾವೇನು ಅಂತ ಕೇಳಿಯಾರು!

ಕೆಲಸ ಇಷ್ಟೇ. ಚೌಕ ರಟ್ಟು, ಮೂಲೆಗೊಂದರಂತೆ ನಾಲ್ಕು ತೂತು, ತೂತಿಗೊಂದು ಎಳೆ. ರಟ್ಟುಗಳನ್ನೆಲ್ಲ ಒಟ್ಟಿಗೆ ಹಿಡಿದು ಕಾಲು ಸುತ್ತು ತಿರುಗಿಸಿದರೆ ಎಳೆಗಳ ನಡುವೆ ಹೊಸ ಬಾಯಿ ಬಿಡುತ್ತದೆ, ಅದರಲ್ಲಿ ಹೊಕ್ಕು, ಅಂದರೆ ಅಡ್ಡ ನೂಲು, ತೂರಿಸುವುದು. ನಾನು ಹಳೆ ಇಸ್ಪೀಟ್ ಎಲೆಗಳನ್ನೇ ಚೌಕಾಗಿ ಕತ್ತರಿಸಿಕೊಂಡೆ. 16 ಎಲೆ, 64 ಎಳೆ. ಒಂದು ತುದಿ ಅಡುಗೆಮನೆ ಕಿಟಕಿಯ ಸರಳಿಗೆ, ಇನ್ನೊಂದು ನನ್ನ ಸೊಂಟಕ್ಕೆ. ಹಾಲು ಉಕ್ಕಿದರೂ ಏಳುವ ಹಾಗಿಲ್ಲ. ನಾರ್ವೆಯ ಓಸೆಬರ್ಗ್‌ನಲ್ಲಿ ಕ್ರಿ.ಶ. 834ರ ಹಡಗು-ಸಮಾಧಿಯೊಳಗೆ ಇಂಥ 52 ಹಲಗೆಗಳು ನೂಲು ಪೋಣಿಸಿದ ಹಾಗೇ ಸಿಕ್ಕಿವೆ. ಅವು ಮರದವು, ಹಲಗೆ ಅನ್ನಬಹುದು. ನನ್ನವಕ್ಕೆ ‘ಎಲೆ’ ಒಪ್ಪುತ್ತದೆ, ಇಸ್ಪೀಟಿನಿಂದಲೇ ಬಂದವಲ್ಲ. ಆದರೆ ‘ಎಲೆ ನೇಯ್ಗೆ’ ಅಂದಕೂಡಲೇ ಮುತ್ತುಗದ ಪತ್ರಾವಳಿ ಹಚ್ಚುವುದು ಕಣ್ಣಮುಂದೆ ಬರುತ್ತದೆ. ‘ಬಿಲ್ಲೆ’ ಅನ್ನೋಣವೆಂದರೆ ಅದಕ್ಕೆ ದುಂಡಗಿನ ವಾಸನೆ, ಇವು ಚೌಕ.

ಇನ್ನೂ ತೊಡಕಿನದು ‘ಎಳೆ’. ಎರಡೆಳೆ ನೂಲು ಅಂದರೆ ಎರಡು ಕೂಡಿಸಿ ಹೊಸೆದದ್ದು. 64 ಎಳೆಯ ಹಾಸು (ಉದ್ದಕ್ಕೆ ಕಟ್ಟಿದ ನೂಲು) ಅಂದಾಗ ಆ ಹೊಸೆದ ನೂಲೇ ಒಂದು ಎಳೆ. ‘ನಾಲ್ಕೆಳೆ ಪೋಣಿಸು’ ಎಂದು ಬರೆದುಕೊಟ್ಟಿದ್ದನ್ನು ಓದಿ ತಂಗಿಯ ಮಗಳು ನೂಲು ಬಿಚ್ಚಿ ಬಿಡಿಸಲು ಕೂತಿದ್ದಳು. ಒಂದಕ್ಕಾದರೂ ಬೇರೆ ಮಾತು ಬೇಕು.

ನೂಲಿನ ವಿಷಯ ಬಂತು, ಹೇಳಿಬಿಡುತ್ತೇನೆ. ಮೊದಲು ಉಲನ್ ಹಾಕಿ ಕೆಟ್ಟೆ. ಹತ್ತು ಸುತ್ತಿಗೇ ಜುಂಗು ಜುಂಗಾಗಿ ಒಂದಕ್ಕೊಂದು ಅಂಟಿ, ಬಾಯಿ ಬಿಡಿಸಲು ಬೆರಳು ಹಾಕಿ ಹರಿಯಬೇಕಾಯಿತು. ಅದು ಜಗ್ಗುತ್ತದೆ ಬೇರೆ. ಬಿಗಿಯಾಗಿ ಹೊಸೆದ ನುಣುಪಾದ ಹತ್ತಿ ದಾರವೇ ಸರಿ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಿಗುವ ಕ್ರೋಶಾ ದಾರ ಸಾಕು. ಮಗ್ಗದ ನೂಲು ಕೊಳ್ಳುವವರು ನೆನಪಿಡಬೇಕು, ನಂಬರು ಏರಿದಷ್ಟೂ ನೂಲು ಸಣ್ಣ: 840 ಗಜದ ಲಡಿ ಒಂದು ಪೌಂಡಿಗೆ ಎಷ್ಟು ತೂಗುತ್ತವೋ ಅದೇ ನಂಬರು. ಹೊಕ್ಕಿಗೆ ಅಂಚಿನ ಎಲೆಯ ಬಣ್ಣವೇ ಇರಲಿ. ಇಲ್ಲಿ ಹೊಕ್ಕು ಕಾಣುವುದು ಅಂಚಿನಲ್ಲಿ ಮಾತ್ರ, ಉಳಿದಂತೆ ಬರೀ ಹಾಸು. ‘ಹಾಸುಹೊಕ್ಕು’ ಅನ್ನುವ ನಮ್ಮ ಮಾತು ಈ ಪಟ್ಟಿಗೆ ಅರ್ಧ ಸುಳ್ಳು.

ನಿಜ ನೋಡಿದರೆ ಇದು ನೇಯುವುದೇ ಅಲ್ಲ, ಹೊಸೆಯುವುದು. ಒಂದೊಂದು ಎಲೆಯ ನಾಲ್ಕು ನೂಲೂ ಸುತ್ತಿಕೊಂಡು ಒಂದೊಂದು ಹುರಿಯಾಗುತ್ತವೆ, ಹೊಕ್ಕು ಆ ಹುರಿಗಳನ್ನು ಪಕ್ಕಪಕ್ಕ ಕಟ್ಟಿಹಾಕುತ್ತದೆ. ಹಾಗಾಗಿ ನನಗೆ ‘ಹುರಿಪಟ್ಟಿ’ ಹಿಡಿಸಿದೆ. ಎಡಕ್ಕೆ ಹೊಸೆದದ್ದು ಎಡಹುರಿ, ಬಲಕ್ಕೆ ಬಲಹುರಿ.

ಉಳಿದದ್ದೊಂದು. ಮುಂದೆ ಪಟ್ಟಿ ಬೆಳೆದ ಹಾಗೆ ಎಲೆಗಳ ಹಿಂದೆಯೂ ಅಷ್ಟೇ ತಿರುಚು ಕೂತು, ಕಡೆಗೆ ಎಲೆ ಅಲುಗಾಡುವುದಿಲ್ಲ. ಆಗ ತಿರುಗಿಸುವ ದಿಕ್ಕು ಬದಲಿಸಿ ಅದನ್ನು ಇಳಿಸಬೇಕು. ಹಗ್ಗ ಹೊಸೆಯುವವರ ಮನೆಯಲ್ಲಿ ಈ ಕೂತ ತಿರುಚಿಗೆ, ಅದನ್ನು ಇಳಿಸುವುದಕ್ಕೆ ಏನನ್ನುತ್ತಾರೆ? ಹಾವೇರಿ ಕಡೆಯವರು ಯಾರಾದರೂ ಕೇಳಿ ತಿಳಿಸುವಿರಾ?