ಅಪ್‌ಡೇಟ್: ನಾಲ್ಕು ವರ್ಷದ ಮಗನಿಗೆ ರಿಮೋಟ್ ಕಾರ್ ತಗೊಂಡ್ವಿ

ನಾಲ್ಕು ವರ್ಷದ ಮಗನಿಗೆ ಯಾವ ತರ ರಿಮೋಟ್ ಕಾರ್ ಸರಿಹೋಗುತ್ತೆ ಅಂತ ಹೋದ ತಿಂಗಳು ಕೇಳಿದ್ನಲ್ಲ, ಉತ್ತರ ಕೊಟ್ಟೋರಿಗೆಲ್ಲ ತುಂಬಾ ಥ್ಯಾಂಕ್ಸ್. ಸ್ಪೀಡ್ ಕಾರ್ ಬೇಡ, ಬಟನ್ ಕಮ್ಮಿ ಇರೋದು ನೋಡಿ ಅಂದಿದ್ರಿ, ಹಾಗೇ ಮಾಡಿದ್ವಿ. ಹಿಂದೆ ಮುಂದೆಗೆ ಒಂದು ಲಿವರ್, ಎಡ ಬಲಕ್ಕೆ ಒಂದು, ಅಷ್ಟೇ ಇರೋ 1:24 ಸೈಜಿನ (ಅಂದ್ರೆ ನಿಜವಾದ ಕಾರಿನ ಉದ್ದದ 24ನೇ ಒಂದು ಭಾಗ) ಕಾರ್. ಮೊದಮೊದಲು ಗೋಡೆಗೆ ಗುದ್ದಿ ನಿಂತ್ರೆ ರಿವರ್ಸ್ ತಗೋಬೇಕು ಅಂತ ಹೊಳೀತಾನೇ ಇರ್ಲಿಲ್ಲ, ಕೈಯಲ್ಲಿ ಎತ್ತಿ ತಿರುಗಿಸಿ ಇಡ್ತಿದ್ದ, ಈಗ ಸೋಫಾ ಕೆಳಗಿಂದ ತಾನೇ ಹಿಂದಕ್ಕೆ ತರ್ತಾನೆ, ನೋಡೋಕೆ ಅಷ್ಟು ಖುಷಿ. ಆದ್ರೆ ಕಾರು ಅವನ ಕಡೆಗೇ ಬರುವಾಗ ಎಡ ಬಲ ಉಲ್ಟಾ ಆಗುತ್ತಲ್ಲ, ಅದು ಇನ್ನೂ ಕಷ್ಟ, ಈ ವಯಸ್ಸಿಗೆ ಅದನ್ನ ಒತ್ತಾಯ ಮಾಡಬಾರ್ದು.

ಅಂಗಡೀಲಿ ಪಟ್ಟು ಹಿಡಿದು ನೋಡಿದ್ದು ಐಎಸ್‌ಐ ಮಾರ್ಕ್ (2021ರ ಜನವರಿಯಿಂದ ಆಟಿಕೆಗೆ ಕಡ್ಡಾಯ) ಮತ್ತೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ. ಮನೇಲಿ ಚಿಕ್ಕವಳಿದಾಳೆ, ಸಿಕ್ಕಿದ್ದೆಲ್ಲ ಬಾಯಿಗೆ, ಬಟನ್ ಸೆಲ್ (ನಾಣ್ಯದ ತರ ಇರೋ ಪುಟ್ಟ ಬ್ಯಾಟರಿ) ನುಂಗಿದ್ರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು, ಅದಕ್ಕೇ ರಿಮೋಟ್‌ಗೆ ಎಎ ಸೆಲ್ (ಮಾಮೂಲಿ ಪೆನ್ಸಿಲ್ ಸೆಲ್) ಹಾಕೋದೇ ಬೇಕು ಅಂದೆ. 2.4 ಗಿಗಾಹರ್ಟ್ಸ್ ರೇಡಿಯೋ ಸಿಗ್ನಲ್‌ನಲ್ಲಿ ಓಡೋ ಕಾರ್ ತಗೊಳ್ಳಿ ಅಂದಿದ್ರಲ್ಲ, ಆ ಸಲಹೆನೂ ಚೆನ್ನಾಗಿತ್ತು, ಪಕ್ಕದ ಮನೆ ಹುಡುಗ ಅವನ ಕಾರ್ ತಂದು ಜೊತೆಗೆ ಆಡಿದ್ರೂ ಒಬ್ಬರ ರಿಮೋಟ್‌ಗೆ ಇನ್ನೊಬ್ಬರ ಕಾರ್ ಓಡಲ್ಲ.