ಅಪ್‌ಡೇಟ್: ಎರಡು ಸೀಡ್ ಇದ್ದೂ ತೆರೆಯದ ಮಲ್ಟಿಸಿಗ್ ವಾಲೆಟ್ ಕೊನೆಗೂ ತೆರೆಯಿತು

ಬಿಟ್‌ಕಾಯಿನ್ ಸಿಕ್ಕಿತು! ಹಿಂದಿನ ಪೋಸ್ಟ್ ಓದದವರಿಗೆ: ತೀರ್ಥಹಳ್ಳಿಯಲ್ಲಿ ನಾನು, ತಮ್ಮ, ಭಾವ ಸೇರಿ ಮಾಡಿದ್ದ ಮಲ್ಟಿಸಿಗ್, ಅಂದರೆ ಒಬ್ಬರಿಗಿಂತ ಹೆಚ್ಚು ಜನರ ಸಹಿ ಬೇಕಾದ ವಾಲೆಟ್ ಅದು. ಮೂವರಲ್ಲಿ ಇಬ್ಬರ ಸಹಿ ಸಾಕು. ಭಾವನ ಸೀಡ್ (ಕೀಗಳನ್ನು ಮರಳಿ ಪಡೆಯುವ ಪದಗಳ ಪಟ್ಟಿ) ಬರೆದಿದ್ದ ಕಾಗದ ಮಳೆಗಾಲದ ಥಂಡಿಗೆ ಬೂಸ್ಟು ಹಿಡಿದು ಹಾಳಾಗಿತ್ತು. ಉಳಿದ ಎರಡು ಸೀಡ್ ಹಾಕಿದರೂ ಬ್ಯಾಲೆನ್ಸ್ ಸೊನ್ನೆ. ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ.

ಸೀಡ್‌ಗಳನ್ನು ಒಂದೊಂದಾಗಿ ಮಾಮೂಲಿ ವಾಲೆಟ್‌ಗೆ ಹಾಕಿ ನೋಡಿ ಎಂಬ ಸಲಹೆ ಕೆಲಸ ಮಾಡಲಿಲ್ಲ. ಮಾಡುವುದೂ ಇಲ್ಲ. ಸಹಿಗೆ ಎರಡು ಕೀ ಸಾಕು, ನಿಜ. ಆದರೆ ಹಣ ಇರುವ ವಿಳಾಸ ಹುಟ್ಟುವುದು ಮೂವರ ಪಬ್ಲಿಕ್ ಕೀ (ಸಹಿ ಮಾಡಲಾಗದ, ಬಹಿರಂಗ ಕೀ) ಸೇರಿ. ಮೂರನೆಯದು ಇಲ್ಲದಿದ್ದರೆ ನಮ್ಮ ಹಣ ಎಲ್ಲಿದೆ ಎಂದು ವಾಲೆಟ್‌ಗೆ ಗೊತ್ತೇ ಆಗುವುದಿಲ್ಲ.

ಕೈ ಹಿಡಿದದ್ದು "ಭಾವನ ಎಕ್ಸ್‌ಪಬ್ ಹುಡುಕಿ" ಎಂದವರ ಮಾತು. ಎಕ್ಸ್‌ಪಬ್ ಅಂದರೆ ಒಬ್ಬರ ಪಬ್ಲಿಕ್ ಕೀಗಳನ್ನೆಲ್ಲ ಹುಟ್ಟಿಸುವ ಮೂಲ ಪಬ್ಲಿಕ್ ಕೀ. ತಮ್ಮನ ಹಳೇ ಲ್ಯಾಪ್‌ಟಾಪ್‌ನ ಬ್ಯಾಕಪ್ ಫೈಲಿನಲ್ಲಿ ಅದು ಸುಮ್ನೆ ಕೂತಿತ್ತು! ಸ್ಪ್ಯಾರೋ ಎಂಬ ವಾಲೆಟ್ ತಂತ್ರಾಂಶದಲ್ಲಿ 2/3 ಮಲ್ಟಿಸಿಗ್ ಆರಿಸಿ, ಎರಡು ಸೀಡ್ ಜೊತೆ ಆ ಎಕ್ಸ್‌ಪಬ್ ಹಾಕಿದೆವು. ಡಿರೈವೇಶನ್ ಪಾತ್ (ಸೀಡ್‌ನಿಂದ ಕೀ ಹುಟ್ಟುವ ದಾರಿ) 48'/0'/0'/2'. ನಮ್ಮ ವಿಳಾಸ bc1q ಎಂದು ಶುರುವಾಗಿ 62 ಅಕ್ಷರ ಇದೆ, ಹಾಗಾಗಿ ನೇಟಿವ್ ಸೆಗ್‌ವಿಟ್ (ಒಂದು ಬಗೆಯ ಬಿಟ್‌ಕಾಯಿನ್ ವಿಳಾಸ) ಮಲ್ಟಿಸಿಗ್ ಇರಬೇಕು ಎಂದು ಒಬ್ಬರು ಊಹಿಸಿದ್ದು ಸರಿಯಾಗಿತ್ತು. ಅವರಿಗೆ ಒಂದು ತೊಡೆದೇವು ಬಾಕಿ.

ನನಗೆ ಅಚ್ಚರಿಯಾದದ್ದು ಬೇರೆ. ಒಮ್ಮೆ ಖರ್ಚು ಮಾಡಿದ ಮಲ್ಟಿಸಿಗ್ ವಿಳಾಸದ ಮೂರೂ ಪಬ್ಲಿಕ್ ಕೀ, ಎಲ್ಲರೂ ನೋಡಬಹುದಾದ ದಾಖಲೆಯಾದ ಬ್ಲಾಕ್‌ಚೈನ್‌ನಲ್ಲೇ ಕಾಣುತ್ತವಂತೆ. ಆದರೆ ಆ ಒಂದು ವಿಳಾಸದ್ದು ಮಾತ್ರ, ಎಕ್ಸ್‌ಪಬ್ ಅಲ್ಲ.

"ಸೀಡ್ ಕಳಿಸಿ, ನಾವೇ ತೆಗೆದು ಕೊಡುತ್ತೇವೆ" ಎಂದು ಮೆಸೇಜ್ ಮಾಡಿದವರಿಗೆ ದೂರದಿಂದಲೇ ನಮಸ್ಕಾರ. ಹಣ ಈಗ ಹೊಸ ವಾಲೆಟ್‌ನಲ್ಲಿದೆ. ಮೂರೂ ಎಕ್ಸ್‌ಪಬ್ ಇರುವ ಫೈಲ್ ಮೂವರ ಹತ್ತಿರವೂ ಇದೆ.