ಸೊಂಟದ ಹತ್ತಿರ ಬಂದು ನಿಂತ ಕೂದಲು: ನಿಮ್ಮದು ಯಾವ ಥರ, ನೀವೇನು ಮಾಡ್ತೀರಿ?

ಕೇಳಿದವಳು:

ಮೂರು ವರ್ಷದಿಂದ ಕತ್ತರಿ ತಾಕಿಸದೆ ಬೆಳೆಸ್ತಾ ಇದ್ದೀನಿ. ಸೊಂಟಕ್ಕೆ ಇನ್ನು ನಾಲ್ಕು ಬೆರಳು ಅನ್ನುವಾಗ ನಿಂತುಬಿಟ್ಟಿದೆ, ಎಂಟು ತಿಂಗಳಿಂದ ಅಲ್ಲೇ. ಜಡೆ ಬುಡದಲ್ಲಿ ಚೆನ್ನಾಗೇ ಇದೆ, ತುದಿಗೆ ಬಂದರೆ ಇಲಿ ಬಾಲ. ಮಂಡಿ ಮುಟ್ಟೋ ಕೂದಲಿರೋ ಗೆಳತಿ ಒಬ್ಬಳು ಮಾಡೋದನ್ನೆಲ್ಲ ಹಾಗೇ ಮಾಡಿದೆ. ವಾರಕ್ಕೆ ಒಂದೇ ಸಲ ತಲೆಸ್ನಾನ, ಹಿಂದಿನ ರಾತ್ರಿ ನೆತ್ತಿತುಂಬ ಎಣ್ಣೆ. ಅವಳಿಗೆ ಮಂಡಿ, ನನಗೆ ತುರಿಕೆ ಮತ್ತು ಹೊಟ್ಟು. ದಯವಿಟ್ಟು ಬರೀ "ಇದು ಹಚ್ಚಿ" ಅನ್ಬೇಡಿ. ನಿಮ್ಮ ಕೂದಲು ಎಂಥದು ಅಂತ ಮೊದಲು ಹೇಳಿ, ಆಮೇಲೆ ಏನು ಮಾಡ್ತೀರಿ ಅಂತ ಹೇಳಿ.

ಸಣ್ಣೆಳೆ:

ಇಲಿ ಬಾಲ ಅಂದ ಕೂಡಲೆ ನನ್ನ ಹಳೇ ಫೋಟೊಗಳು ನೆನಪಾದವು. ನನ್ನದು ತೀರಾ ಸಣ್ಣ ಎಳೆ, ಹೆಚ್ಚುಕಮ್ಮಿ ನೇರ, ಕೆಳಗಡೆ ಸ್ವಲ್ಪ ಅಲೆ. ಜುಟ್ಟು ಕಟ್ಟಿ ಟೇಪು ಸುತ್ತಿದರೆ 6 ಸೆಂ.ಮೀ. ಈಗ ಸೊಂಟ ದಾಟಿ ಒಂದು ಗೇಣು ಇಳಿದಿದೆ.

ನೀವು "ಎಂಥದು ಹೇಳಿ" ಅಂದಿದ್ದು ಸರಿಯಾಗಿದೆ, ಆದರೆ ಜನ ಅರ್ಧ ಮಾತ್ರ ಹೇಳ್ತಾರೆ. 2ಬಿ, 3ಎ ಅಂತೆಲ್ಲ ಅಂತಾರಲ್ಲ, ಅದು ಆಂಡ್ರೆ ವಾಕರ್ ಅನ್ನೋ ಹೇರ್ ಸ್ಟೈಲಿಸ್ಟ್ 1990ರ ದಶಕದಲ್ಲಿ ಬಳಕೆಗೆ ತಂದ ವಿಂಗಡಣೆಯಿಂದ ಬಂದದ್ದು. 1 ನೇರ, 2 ಅಲೆ, 3 ಗುಂಗುರು, 4 ಬಿಗಿ ಗುಂಗುರು. ಅದರಿಂದ ಮುಖ್ಯವಾಗಿ ಸುರುಳಿ ಗೊತ್ತಾಗುತ್ತೆ, ಅಷ್ಟೇ. ಉದ್ದ ಬಿಡೋರಿಗೆ ಇನ್ನೆರಡು ಬೇಕು: ಒಂದೊಂದು ಎಳೆ ಎಷ್ಟು ದಪ್ಪ, ಒಟ್ಟು ಎಷ್ಟು ಎಳೆ ಇದೆ. ಇವೆರಡನ್ನ ಎಲ್ಲರೂ ಕಲಸಿಬಿಡ್ತಾರೆ. ನಮ್ಮಕ್ಕನ ಜುಟ್ಟು ಮುಷ್ಟಿಗೆ ಸಿಗಲ್ಲ, ಆದರೆ ಅದರಲ್ಲೊಂದು ಎಳೆ ತೆಗೆದು ಹೆಬ್ಬೆರಳು ತೋರುಬೆರಳ ಮಧ್ಯೆ ಹೊರಳಿಸಿದರೆ ಬೆರಳಲ್ಲಿ ಏನಾದರೂ ಇದೆಯೋ ಇಲ್ಲವೋ ಅನ್ನಿಸುತ್ತೆ. ಅದು ಸಣ್ಣೆಳೆ. ಹೊಲಿಗೆ ದಾರದ ಹಾಗೆ ಬೆರಳಿಗೆ ತಾಕಿದರೆ ದಪ್ಪೆಳೆ. ಜುಟ್ಟಿನ ಸುತ್ತಳತೆ 5 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ತೆಳು, 5ರಿಂದ 10 ಸಾಧಾರಣ, 10 ದಾಟಿದರೆ ದಟ್ಟ ಅಂತ ಲೆಕ್ಕ. ನಿಮ್ಮ ಗೆಳತಿಯ ಎಳೆ ದಪ್ಪ ಇರಬೇಕು. ಅದು ಏನನ್ನೂ ತಡೆದುಕೊಳ್ಳುತ್ತೆ.

ನನ್ನ ಕಣ್ಣು ತೆರೆಸಿದ ಲೆಕ್ಕ ಬೇರೆ. ಕೂದಲು ವರ್ಷಕ್ಕೆ 15 ಸೆಂ.ಮೀ. ಆಸುಪಾಸು ಬೆಳೆಯುತ್ತೆ. ಅಂದರೆ ಬುಡದಿಂದ 75 ಸೆಂ.ಮೀ. ದೂರದಲ್ಲಿರೋ ತುದಿಗೆ ಐದು ವರ್ಷ ವಯಸ್ಸು. ನೆತ್ತಿಗೆ ಅಂಟಿಕೊಂಡಿರೋದು ಹೋದ ತಿಂಗಳದ್ದು. ವಾರಕ್ಕೆ ಎರಡೇ ಸಲ ಅಂದರೂ ಆ ತುದಿ ಐನೂರು ಸಲ ಶಾಂಪೂ ಕಂಡಿದೆ. ಐದು ವರ್ಷ ತೊಟ್ಟ ಬಟ್ಟೆಯನ್ನೂ ಮೊನ್ನೆ ತಂದ ಬಟ್ಟೆಯನ್ನೂ ಒಂದೇ ಬಕೆಟ್ಟಿಗೆ ಹಾಕಿ ತಿಕ್ಕಿದ ಹಾಗಾಯ್ತು.

ಹಾಗಾಗಿ ನಾನು ನೆತ್ತಿಗೊಂದು ಲೆಕ್ಕ, ತುದಿಗೊಂದು ಲೆಕ್ಕ ಇಟ್ಟುಕೊಂಡಿದ್ದೀನಿ. ನನ್ನ ನೆತ್ತಿ ಮೂರನೇ ದಿನಕ್ಕೆ ಜಿಡ್ಡಾಗುತ್ತೆ, ಆದ್ದರಿಂದ ಮೂರು ದಿನಕ್ಕೊಂದು ಸಲ ತೊಳೀತೀನಿ, ಅದರಲ್ಲಿ ಮುಲಾಜಿಲ್ಲ. ತೊಳೆಯೋ ಒಂದು ಗಂಟೆ ಮುಂಚೆ ಕಿವಿಯಿಂದ ಕೆಳಗೆ ಮಾತ್ರ ತೆಂಗಿನೆಣ್ಣೆ, ಅಂಗೈ ಮಿನುಗುವಷ್ಟು ಸಾಕು. ಆಮೇಲೆ ಕೆಳಗಿನದನ್ನ ಸಡಿಲವಾಗಿ ಹೆಣೆದುಬಿಡ್ತೀನಿ, ಹೆಣೆದ ಹಾಗೇ ಸ್ನಾನ. ಅರ್ಧ ಮಗ್ ನೀರಿಗೆ ಒಂದು ಚಮಚ ಶಾಂಪೂ ಕದಡಿ ಬೈತಲೆ ಉದ್ದಕ್ಕೂ, ಕಿವಿ ಹಿಂದೆ, ಹಿಂತಲೆಗೆ ಸುರಿದು ಬೆರಳ ತುದಿಯಲ್ಲಿ ಉಜ್ಜೋದು. ಜಡೆಗೆ ಉಜ್ಜೋದೇ ಇಲ್ಲ, ಮೇಲಿಂದ ಹರಿದು ಬರೋ ನೊರೆನೇ ಧಾರಾಳ. ಆಮೇಲೆ ಜಡೆ ಬಿಚ್ಚಿ ತುದಿಗೆ ಕಂಡೀಷನರ್.

ಎಣ್ಣೆ ಬೇಕಾ ಅಂತ ವಾದ ಶುರುವಾಗೋ ಮುಂಚೆ ಒಂದು ಮಾತು. ಎಣ್ಣೆ ಹಚ್ಚಿದರೆ ಕೂದಲು ಬೆಳೆಯುತ್ತೆ ಅಂತ ನಾನು ಹೇಳ್ತಿಲ್ಲ. 2003ರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ ಒಂದು ಅಧ್ಯಯನ ಬಂತು. ತೊಳೆಯುವಾಗ ಕೂದಲಿನಿಂದ ಹೋಗೋ ಪ್ರೋಟೀನನ್ನ ತಗ್ಗಿಸಿದ್ದು ತೆಂಗಿನೆಣ್ಣೆ ಒಂದೇ. ಅದರಲ್ಲಿರೋ ಲಾರಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲದ ಅಣು ಚಿಕ್ಕದು, ನೇರ, ಎಳೆಯ ಒಳಗೆ ಇಳಿಯುತ್ತೆ. ಅಂದರೆ ಅದು ಕೆಲಸ ಮಾಡೋದು ಎಳೆಯ ಮೇಲೆ. ನಿಮ್ಮ ಹಾಗೆ ಹೊಟ್ಟಿರೋ ನೆತ್ತಿಗೆ ರಾತ್ರಿಯಿಡೀ ಎಣ್ಣೆ ಬಿಟ್ಟರೆ ಹೊಟ್ಟಿಗೆ ಕಾರಣವಾಗೋ ಶಿಲೀಂಧ್ರಕ್ಕೆ ಊಟ ಇಟ್ಟ ಹಾಗೆ.

ಮತ್ತೆ, ಒದ್ದೆ ಕೂದಲಿಗೆ ಬಾಚಣಿಗೆ ಹಾಕ್ಬೇಡಿ.

ಗುಂಗುರುಮಂಡೆ:

ಸಣ್ಣೆಳೆಯವರೇ, ಬಾಕಿ ಎಲ್ಲ ಒಪ್ಪಿದೆ, ಕೊನೇ ಸಾಲು ಮಾತ್ರ ಒಪ್ಪಲ್ಲ. ನನ್ನ ಹಾಗೆ ಬೆರಳಿಗೆ ಸುತ್ತಿದಷ್ಟು ಗುಂಗುರು ಇರೋರು ಒಣಗಿದ ಮೇಲೆ ಬಾಚಿದರೆ ತಲೆ ಮೇಲೆ ಗುಬ್ಬಿ ಗೂಡು, ನೆಲದ ಮೇಲೆ ತುಂಡು ಕೂದಲು. ಒದ್ದೆ ಕೂದಲು ಹೆಚ್ಚು ಹಿಗ್ಗುತ್ತೆ, ಬೇಗ ತುಂಡಾಗುತ್ತೆ, ಅದು ನಿಜ. ಆದರೆ ಕಂಡೀಷನರ್ ಹಚ್ಚಿರುವಾಗ ಬಾಚಣಿಗೆ ಜಾರುತ್ತೆ. ಸವೆದ ಕೂದಲಿಗೆ ಋಣ ಆವೇಶ, ಕಂಡೀಷನರಿನ ಮುಖ್ಯ ಅಂಶಕ್ಕೆ ಧನ ಆವೇಶ. ಅದು ಸವೆದ ಜಾಗಕ್ಕೇ ಹೋಗಿ ಅಂಟಿಕೊಳ್ಳುತ್ತೆ. ತುದಿಗೆ ಕಂಡೀಷನರ್ ಅನ್ನೋದು ಅದಕ್ಕೇ.

ನಾನು ಮಾಡೋದು: ವಾರಕ್ಕೊಂದು ಸಲ, ಸ್ನಾನದಲ್ಲೇ. ಕೂದಲನ್ನ ನಾಲ್ಕು ಪಾಲು ಮಾಡಿ, ಕೈತುಂಬ ಕಂಡೀಷನರ್ ಹಚ್ಚಿ, ಮೊದಲು ಬೆರಳಲ್ಲಿ ಸಿಕ್ಕು ಬಿಡಿಸಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು, ಒಂದೊಂದು ಗೇಣು ಮೇಲೆ ಮೇಲೆ. ಸಿಕ್ಕಿನ ಮೇಲುಗಡೆ ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡ್ಕೊಂಡರೆ ಬುಡಕ್ಕೆ ಎಳೆತ ಹೋಗಲ್ಲ. ವಾರದ ಮಧ್ಯೆ ಬಾಚಣಿಗೆ ಮುಟ್ಟೋದೇ ಇಲ್ಲ. ನಮ್ಮ ನೆತ್ತಿಯ ಜಿಡ್ಡು ಸುರುಳಿ ಹಾದಿಯಲ್ಲಿ ಕೆಳಗೆ ಇಳಿಯೋದೇ ಕಷ್ಟ, ಅದಕ್ಕೇ ವಾರಕ್ಕೊಂದು ತೊಳೆತ ನಮಗೆ ಸಾಕಾಗುತ್ತೆ, ತುದಿ ಮಾತ್ರ ಸದಾ ಒಣಒಣ. ನೇರ ಕೂದಲಿನವರ ಸಂಕಟ ತಿರುವುಮುರುವು.

ಇನ್ನೊಂದು, ನನ್ನದು ಎಳೆದು ನೋಡಿದರೆ ಸೊಂಟ, ಬಿಟ್ಟರೆ ಭುಜ. ಹತ್ತು ವರ್ಷದ ತಪಸ್ಸು, ನೋಡಿದವರು "ಯಾವಾಗ ಕತ್ತರಿಸಿದಿರಿ" ಅಂತಾರೆ.

ಮೊಂಡುಜುಟ್ಟು:

ಗಂಡಸು. ದಪ್ಪೆಳೆ, ನೇರ, ಸುತ್ತಳತೆ 11 ಸೆಂ.ಮೀ., ಬೆನ್ನಿನ ಮಧ್ಯದವರೆಗೆ. ನನ್ನದು ಒಣಗಲ್ಲ, ಅದೇ ಗೋಳು. ಬೆಳಿಗ್ಗೆ ತೊಳೆದು ಒದ್ದೆಯಲ್ಲೇ ಗಂಟು ಹಾಕಿ ಹೊರಟರೆ ಸಂಜೆ ಬಿಚ್ಚುವಾಗ ಮುಗ್ಗಲು ವಾಸನೆ. ಈಗ ಸಂಜೆ ತೊಳೀತೀನಿ, ಹಳೇ ಹತ್ತಿ ಬನಿಯನ್ನಲ್ಲಿ ಒತ್ತಿ ನೀರು ತೆಗೀತೀನಿ, ಉಜ್ಜಲ್ಲ. ಡ್ರೈಯರ್ ಹಾಕಿದರೂ ತಣ್ಣನೆ ಗಾಳಿ. ಒದ್ದೆ ಕೂದಲಿಗೆ ಇಸ್ತ್ರಿ ಥರದ ಬಿಸಿ ಸಾಧನ ಮುಟ್ಟಿಸಿದರೆ ಒಳಗಿನ ನೀರು ಆವಿಯಾಗಿ ಎಳೆಯೊಳಗೇ ಗುಳ್ಳೆ ಏಳುತ್ತೆ, ಅಲ್ಲೇ ಮುರಿಯುತ್ತೆ. ಗಡಸು ನೀರಾದರೆ ತಿಂಗಳಿಗೊಮ್ಮೆ ಇ.ಡಿ.ಟಿ.ಎ. (ಕ್ಯಾಲ್ಸಿಯಂನಂಥ ಲೋಹಗಳನ್ನ ಹಿಡಿದುಕೊಳ್ಳೋ ರಾಸಾಯನಿಕ) ಇರೋ ಕ್ಲಾರಿಫೈಯಿಂಗ್ ಶಾಂಪೂ, ಅಂದರೆ ಕೂತ ಪದರ ತೆಗೆಯೋ ಶಾಂಪೂ, ಹಾಕಿ ನೋಡಿ, ಕ್ಯಾಲ್ಸಿಯಂ ಪದರ ಬಿಡುತ್ತೆ. ಇಷ್ಟೇ. ಎಣ್ಣೆಗಿಣ್ಣೆ ಇಲ್ಲ.

ಬಿಳಿಟವೆಲ್:

ಎಲ್ಲರೂ ಹಚ್ಚೋದು ತೊಳೆಯೋದು ಹೇಳ್ತಿದ್ದೀರಿ. ಅವರು ಕೇಳಿದ್ದು "ನಿಂತುಬಿಟ್ಟಿದೆ" ಅಂತ. ನಿಲ್ಲೋಕೆ ಎರಡು ದಾರಿ.

ಒಂದು, ನಿಜವಾಗಲೂ ಅದರ ಕೊನೆ ಮುಟ್ಟಿರಬಹುದು. ಪ್ರತಿ ಕೂದಲೂ ಸಾಮಾನ್ಯವಾಗಿ ಎರಡರಿಂದ ಆರು ವರ್ಷ ಬೆಳೆದು, ಸ್ವಲ್ಪ ದಿನ ಸುಮ್ಮನಿದ್ದು, ಉದುರುತ್ತೆ. ಆ ಅವಧಿ ಮೂರು ವರ್ಷ ಇರೋರಿಗೆ 45 ಸೆಂ.ಮೀ., ಆರು ಇರೋರಿಗೆ 90. ಚೀನಾದ ಷಿಯೆ ಚಿಯುಪಿಂಗ್ 1973ರಿಂದ ಕೂದಲು ಬಿಟ್ಟವರು, 2004ರಲ್ಲಿ ಅಳೆದಾಗ 5.627 ಮೀಟರ್, ಗಿನ್ನೆಸ್ ದಾಖಲೆ. ಅವರ ಕೂದಲು ವಿಪರೀತ ವೇಗವಾಗಿ ಬೆಳೆದಿದ್ದೇನಲ್ಲ, ಭಾಗಿಸಿ ನೋಡಿ, ವರ್ಷಕ್ಕೆ 18 ಸೆಂ.ಮೀ. ಅಷ್ಟೇ. ಬೆಳೆಯೋದನ್ನ ನಿಲ್ಲಿಸಲಿಲ್ಲ, ಅದು ಅವರಿಗೆ ಹುಟ್ಟಿನಿಂದ ಬಂದದ್ದು. ಅಂಗಡಿಯಲ್ಲಿ ಸಿಗಲ್ಲ.

ಎರಡು, ಮೇಲಿಂದ ಬೆಳೆದಷ್ಟೂ ಕೆಳಗೆ ಮುರೀತಾ ಇರಬಹುದು. ಇದೇ ಹೆಚ್ಚು. ಯಾವುದು ಅಂತ ತಿಳಿಯೋಕೆ ಬಿಳಿ ಟವೆಲ್ ಹಾಸಿ ಅದರ ಮೇಲೆ ಬಾಚಿ. ಬಿದ್ದದ್ದನ್ನ ಒಂದೊಂದೇ ಎತ್ತಿ ನೋಡಿ. ಉದ್ದವಾಗಿದ್ದು ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡು ಇದ್ದರೆ ಅದು ಬುಡದಿಂದ ಉದುರಿದ್ದು, ದಿನಕ್ಕೆ 50ರಿಂದ 100 ಉದುರೋದು ಸಹಜ. ಗುಂಡಿಲ್ಲದ ಮೋಟು ತುಂಡಾದರೆ ಮುರಿದದ್ದು. ಬುಡದಿಂದಲೇ ರಾಶಿ ರಾಶಿ ಬರ್ತಿದ್ದರೆ ಎರಡು ಮೂರು ತಿಂಗಳ ಹಿಂದೆ ಜೋರು ಜ್ವರ, ಹೆರಿಗೆ, ಆಪರೇಷನ್ ಏನಾದರೂ ಆಗಿತ್ತಾ ನೆನಪು ಮಾಡ್ಕೊಳ್ಳಿ. ಹಾಗಾದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ ಥೈರಾಯ್ಡು, ಕಬ್ಬಿಣಾಂಶ ನೋಡಿಸಿ. ಶಾಂಪೂ ಬದಲಾಯಿಸೋ ವಿಷಯ ಅಲ್ಲ ಅದು.

ಕೂದಲು ಎಷ್ಟು ನೀರು ಹೀರುತ್ತೆ ಅಂತ ತಿಳಿಯೋಕೆ ಲೋಟದ ನೀರಲ್ಲಿ ಹಾಕಿ ತೇಲುತ್ತೋ ಮುಳುಗುತ್ತೋ ನೋಡೋ ಪರೀಕ್ಷೆ ಯಾರಾದರೂ ಹೇಳಿದರೆ ಕಿವಿಗೆ ಹಾಕ್ಕೋಬೇಡಿ. ಒಣ ಕೂದಲು ಎಂಥದಾದರೂ ಸಾಮಾನ್ಯವಾಗಿ ನೀರಿನ ಮೇಲ್ಮೈ ಮೇಲೆ ನಿಲ್ಲುತ್ತೆ.

ಕೇಳಿದವಳು:

ಎಲ್ಲರಿಗೂ ಥ್ಯಾಂಕ್ಸ್. ಅಳೆದೆ: ಸಣ್ಣೆಳೆ, ಕೆಳಗೆ ಅಲೆ, 7 ಸೆಂ.ಮೀ. ಅಂದರೆ ಸಣ್ಣೆಳೆಯವರ ಪಾರ್ಟಿ ನಾನು. ಗೆಳತಿಯದನ್ನೂ ಹಿಡಿದು ಹೊರಳಿಸಿ ನೋಡಿದೆ, ಹೊಲಿಗೆ ದಾರವೇ!

ಟವೆಲ್ ಪರೀಕ್ಷೆನೂ ಆಯ್ತು. 31 ಬಿದ್ದವು. ಗುಂಡಿದ್ದದ್ದು ಒಂಬತ್ತೇ. ಮಿಕ್ಕ ಇಪ್ಪತ್ತೆರಡೂ ಮೋಟು, ವಿಚಿತ್ರ ಅಂದರೆ ಹೆಚ್ಚುಕಮ್ಮಿ ಒಂದೇ ಉದ್ದ, ಅರ್ಧ ಗೇಣು. ಒಂದೇ ಉದ್ದಕ್ಕೆ ಯಾಕೆ ಮುರೀತಿದೆ ಅಂತ ತಲೆ ಕೆಡಿಸಿಕೊಂಡು ಕೂತಿದ್ದೆ. ಆಮೇಲೆ ಜಡೆ ಹೆಣೆದು ಬ್ಯಾಂಡ್ ಹಾಕುವಾಗ ಹೊಳೀತು. ದಿನಾ ಅದೇ ಜಾಗ, ತುದಿಯಿಂದ ಅರ್ಧ ಗೇಣು ಮೇಲೆ, ಅದೇ ತೆಳ್ಳನೆ ರಬ್ಬರ್ ಬ್ಯಾಂಡ್, ಮೂರು ಸುತ್ತು. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಅದರ ಲೋಹದ ಬೆಸುಗೆ ಹತ್ತಿರ ಐದಾರು ತುಂಡು ಇನ್ನೂ ಸಿಕ್ಕಿಕೊಂಡಿವೆ.

ಸಣ್ಣೆಳೆ:

ಅದನ್ನ ಎಸೀರಿ! ಬಟ್ಟೆ ಸುತ್ತಿದ ಸ್ಕ್ರಂಚಿ ಒಂದೇ ಸುತ್ತು, ದಿನಾ ಎರಡು ಬೆರಳು ಮೇಲೆ ಕೆಳಗೆ ಜಾಗ ಬದಲಾಯಿಸಿ. ಆ ಅರ್ಧ ಗೇಣು ಕತ್ತರಿಸೋಕೆ ಮನಸ್ಸು ಬರುತ್ತಾ? ಸೀಳಿದ ತುದಿ ಮತ್ತೆ ಕೂಡಲ್ಲ, ಸೀಳು ಮೇಲಕ್ಕೆ ಹತ್ತುತ್ತೆ. ನಾನು ಬೆಳೆದದ್ದನ್ನ ಕಳ್ಕೊಳ್ಳೋದು ಬೇಡ ಅಂತ ಒಂದು ವರ್ಷ ಇಟ್ಟುಕೊಂಡು ಕೊನೆಗೆ ದುಪ್ಪಟ್ಟು ಕತ್ತರಿಸಿದೆ.

ಕೇಳಿದವಳು:

ನಾಲ್ಕು ಬೆರಳು ಕತ್ತರಿಸ್ತೀನಿ. ಅರ್ಧ ಗೇಣು ಅನ್ಬೇಡಿ, ಎಂಟು ತಿಂಗಳು ಕಾದಿದ್ದೀನಿ ಕಣ್ರೀ.